ಇಂಗ್ಲೆಂಡಿನ ಕಾಲುವೆಯಲ್ಲಿ ನ್ಯಾರೋಬೋಟನ್ನು ನಾವೇ ಓಡಿಸಬಹುದಾ? ಅಪ್ಪ-ಅಮ್ಮನ ಜೊತೆ ಒಂದು ದಿನಕ್ಕೆ ಸರಿಹೋಗುತ್ತದಾ?

ಖಂಡಿತ ಓಡಿಸಬಹುದು. ನ್ಯಾರೋಬೋಟ್ ಅಂದರೆ ಇಲ್ಲಿನ ಕಿರಿದಾದ ಕಾಲುವೆಗಳಿಗೆ ಅಂತಲೇ ಮಾಡಿದ, ಅಗಲ ಕಡಿಮೆಯ ಉದ್ದನೆಯ ದೋಣಿ. ವಿಹಾರಕ್ಕೆ ಹೋಗುವವರಿಗೆ ಇಲ್ಲಿ ಲೈಸೆನ್ಸ್ ಬೇಕಿಲ್ಲ. ಹೊರಡುವ ಮುಂಚೆ ಬಾಡಿಗೆಯವರೇ ಎಲ್ಲ ಹೇಳಿಕೊಡುತ್ತಾರೆ.

ಆಲಪ್ಪುಳದ ಹೌಸ್‌ಬೋಟ್ ತರಹನಾ ಅಂತಲೂ ಕೇಳಿದ್ದೀರಿ. ಅಲ್ಲ. ಅಲ್ಲಿ ಓಡಿಸುವವರು, ಅಡುಗೆಯವರು ಎಲ್ಲ ಇರುತ್ತಾರೆ, ನೀವು ಕೂತು ನೋಡಿದರೆ ಸಾಕು. ಇಲ್ಲಿ ಚುಕ್ಕಾಣಿ ನಿಮ್ಮ ಕೈಯಲ್ಲೇ. ಲಾಕ್ ಅಂದರೆ ಎರಡೂ ತುದಿಗೆ ಗೇಟು ಇರುವ ತೊಟ್ಟಿ, ನೀರು ತುಂಬಿಸಿ ಅಥವಾ ಇಳಿಸಿ ದೋಣಿಯನ್ನು ಕಾಲುವೆಯ ಒಂದು ಮಟ್ಟದಿಂದ ಇನ್ನೊಂದಕ್ಕೆ ಒಯ್ಯುವುದು. ಅದು ಬಂದರೆ ಇಳಿದು ಗೇಟು ತಳ್ಳುವವರೂ ನೀವೇ. ನನಗೆ ಈ ಪ್ರಯಾಣ ಇಷ್ಟವಾಗುವುದೇ ಅದಕ್ಕೆ. ಹಾಗಾಗಿ ನನ್ನ ಸಲಹೆ: ಎಷ್ಟು ದೂರ ಹೋಗಬಹುದು ಅಂತ ಲೆಕ್ಕ ಹಾಕಬೇಡಿ, ಎರಡು ಮೂರು ಲಾಕ್ ಇರುವ ದಾರಿ ನೋಡಿ. ಕೆಲವು ಕಡೆ ದಿನದ ಬಾಡಿಗೆ ದೋಣಿಯನ್ನು ಲಾಕ್ ದಾಟಿಸಲು ಬಿಡುವುದಿಲ್ಲ. ಬುಕ್ ಮಾಡುವಾಗಲೇ ಕೇಳಿಬಿಡಿ.

ನನ್ನ ಆಯ್ಕೆ ಆಕ್ಸ್‌ಫರ್ಡ್ ಕಾಲುವೆ, ಅದರಲ್ಲೂ ಬ್ಯಾನ್‌ಬರಿಯಿಂದ ಕ್ರಾಪ್ರೆಡಿ ಕಡೆಗೆ ಹೋಗುವ ಭಾಗ. ಊರು ಬಿಟ್ಟ ಮೇಲೆ ಹಾರ್ಡ್‌ವಿಕ್ ಲಾಕ್ ಹತ್ತಿರ ಎಂ40 ಹೆದ್ದಾರಿಯ ಸದ್ದು ಇರುತ್ತದೆ. ಅದನ್ನು ದಾಟಿದರೆ ಎರಡೂ ಕಡೆ ಹೊಲ, ಕುರಿ, ಅಲ್ಲಲ್ಲಿ ಇಟ್ಟಿಗೆಯ ಕಮಾನು ಸೇತುವೆ. ಈ ಕಾಲುವೆಯ ಕೆಲಸ ಶುರು ಮಾಡಿದ್ದು ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ. ಅವರು 1772ರಲ್ಲಿ ತೀರಿಕೊಂಡರು. ಕಾಲುವೆ ಆಕ್ಸ್‌ಫರ್ಡ್ ಮುಟ್ಟಿದ್ದು 1790ರಲ್ಲಿ. ಗುಡ್ಡ ಅಡ್ಡ ಬಂದರೆ ಕಡಿಯದೆ, ನೆಲದ ಮಟ್ಟ ಹಿಡಿದು ಸುತ್ತಿ ಹೋಗುವುದು ಬ್ರಿಂಡ್ಲಿಯ ರೀತಿ. ಕ್ರಾಪ್ರೆಡಿಯಿಂದ ಇನ್ನೂ ಮೇಲೆ, ಕ್ಲೇಡನ್ ಲಾಕ್‌ಗಳ ಆಚೆ ಹೋದರೆ ಇದು ಚೆನ್ನಾಗಿ ಕಾಣುತ್ತದೆ. ಅಲ್ಲಿ ಕಾಲುವೆ ಎಷ್ಟು ಸುತ್ತುತ್ತದೆ ಎಂದರೆ, ದಾಟಿ ಬಂದ ಮನೆಯೇ ಮತ್ತೆ ಇನ್ನೊಂದು ಕಡೆಯಿಂದ ಕಾಣಿಸುತ್ತದೆ. ಆದರೆ ಒಂದು ದಿನದಲ್ಲಿ ಅಷ್ಟು ದೂರ ಆಗುವುದಿಲ್ಲ.

ವೇಗದ ಮಿತಿ ಗಂಟೆಗೆ 4 ಮೈಲಿ. ನಿಜವಾಗಿ ಹೋಗುವುದು 3 ಅಂದುಕೊಳ್ಳಿ. ಕಟ್ಟಿ ನಿಲ್ಲಿಸಿದ ದೋಣಿಗಳ ಪಕ್ಕದಲ್ಲಿ ಇನ್ನೂ ನಿಧಾನ. ಇಲ್ಲದಿದ್ದರೆ ಅವುಗಳ ಹಗ್ಗ ಜಗ್ಗಿ, ಒಳಗಿರುವವರ ಚಹಾ ಚೆಲ್ಲುತ್ತದೆ. ನಿಮ್ಮ ಹಿಂದೆ ಅಲೆ ಎದ್ದು ದಡಕ್ಕೆ ಬಡಿಯುತ್ತಿದ್ದರೆ ಜಾಸ್ತಿ ಆಯಿತು ಅಂತ ಅರ್ಥ. ಇಲ್ಲಿ ಬಳಸುವ ಲೆಕ್ಕ ಸುಲಭ: ಮೈಲಿ ಮತ್ತು ಲಾಕ್ ಎರಡನ್ನೂ ಕೂಡಿಸಿ 3ರಿಂದ ಭಾಗಿಸಿ. ಬಂದಷ್ಟು ಗಂಟೆ ಬೇಕು.

ಚುಕ್ಕಾಣಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಅದೂ ತಕ್ಷಣ ಅಲ್ಲ. ತಳ್ಳಿ, ಸ್ವಲ್ಪ ಕಾಯಬೇಕು. ಬ್ರೇಕ್ ಇಲ್ಲ, ನಿಲ್ಲಿಸಲು ರಿವರ್ಸ್ ಹಾಕಬೇಕು. ಎದುರಿಗೆ ದೋಣಿ ಬಂದರೆ ನೀವು ಬಲಕ್ಕೆ ಸರಿಯಿರಿ, ಇಲ್ಲಿನ ರಸ್ತೆಯ ಹಾಗೆ ಎಡಕ್ಕಲ್ಲ.

ಇನ್ನು ಲಾಕ್. ಈ ಕಾಲುವೆಯ ಲಾಕ್ ಸುಮಾರು 7 ಅಡಿ ಅಗಲ, ದೋಣಿಯ ಅಗಲ ಅದಕ್ಕಿಂತ ಒಂದೆರಡು ಇಂಚು ಕಡಿಮೆ. ಒಬ್ಬರು ದೋಣಿಯನ್ನು ನಿಧಾನವಾಗಿ ಒಳಗೆ ತರುತ್ತಾರೆ. ಎರಡೂ ಪಕ್ಕ ಪಾಚಿ ಹಿಡಿದ ಒದ್ದೆ ಗೋಡೆ. ದಡದಲ್ಲಿರುವವರು ಹಿಂದಿನ ಗೇಟು ಮುಚ್ಚಿ, ವಿಂಡ್‌ಲಾಸ್ ಎಂಬ ಕಬ್ಬಿಣದ ಹಿಡಿಕೆಯಿಂದ ಪ್ಯಾಡಲ್, ಅಂದರೆ ನೀರು ಬಿಡುವ ಚಿಕ್ಕ ಬಾಗಿಲು, ಎತ್ತುತ್ತಾರೆ. ಟಕ್ ಟಕ್ ಅಂತ ಹಲ್ಲು ಕಚ್ಚುತ್ತಾ ಅದು ಮೇಲೇರುತ್ತದೆ. ನೀರು ನುಗ್ಗಿ ದೋಣಿ ಏರತೊಡಗುತ್ತದೆ. ಗೇಟಿನ ಉದ್ದನೆಯ ಮರದ ತೊಲೆಗೆ ಬೆನ್ನು ಕೊಟ್ಟು ಎಷ್ಟೇ ನೂಕಿ, ಎರಡೂ ಕಡೆಯ ನೀರು ಸಮ ಆಗುವ ತನಕ ಅದು ಕೂದಲೆಳೆಯಷ್ಟೂ ಅಲುಗುವುದಿಲ್ಲ. ಸಮ ಆಯಿತೋ, ಆ ಭಾರದ ಗೇಟು ತಾನಾಗಿ ಸಡಿಲುತ್ತದೆ. ಕಾಲು ಜಾರದಿರಲಿ ಅಂತ ನೆಲದಲ್ಲಿ ಕಮಾನಿನ ಆಕಾರಕ್ಕೆ ಇಟ್ಟಿಗೆ ಎಬ್ಬಿಸಿರುತ್ತಾರೆ, ಅದಕ್ಕೆ ಹಿಮ್ಮಡಿ ಕೊಟ್ಟು ತಳ್ಳಿ. ಪಂಪು ಇಲ್ಲ, ಮೋಟರು ಇಲ್ಲ. ಇನ್ನೂರು ವರ್ಷದ ಹಿಂದಿನ ಏರ್ಪಾಡು ಇವತ್ತಿಗೂ ಹಾಗೇ ನಡೆಯುತ್ತಿದೆ, ನಮ್ಮ ಕೈಯಲ್ಲೇ ನಡೆಯುತ್ತದೆ. ನನಗಂತೂ ಪ್ರತಿ ಸಲವೂ ಖುಷಿಯಾಗುತ್ತದೆ.

ಒಂದು ಲಾಕ್ ತುಂಬಲು ಸುಮಾರು 1 ಲಕ್ಷ ಲೀಟರ್ ನೀರು ಬೇಕು. ಹಾಗಾಗಿ ಎದುರಿನಿಂದ ದೋಣಿ ಬರುತ್ತಿದ್ದು, ಲಾಕ್ ಅವರಿಗೆ ಸಿದ್ಧವಾಗಿದ್ದರೆ ಅವರನ್ನು ಮೊದಲು ಬಿಡಿ. ಸುಮ್ನೆ ನೀರು ಪೋಲು ಮಾಡುವುದು ಇಲ್ಲಿ ಯಾರಿಗೂ ಇಷ್ಟವಿಲ್ಲ.

ಎರಡು ಎಚ್ಚರಿಕೆ. ಲಾಕ್‌ನಲ್ಲಿ ದೋಣಿ ಕೆಳಮಟ್ಟಕ್ಕೆ ಇಳಿಯುವಾಗ ಹಿಂದಿನ ಗೇಟಿನ ಬುಡದಲ್ಲಿ ಸಿಲ್ ಎಂಬ ಕಟ್ಟೆ ನೀರೊಳಗೆ ಅಡಗಿರುತ್ತದೆ. ಗೋಡೆಯ ಮೇಲೆ ಗುರುತು ಹಾಕಿರುತ್ತಾರೆ, ದೋಣಿಯ ಹಿಂಭಾಗ ಅದಕ್ಕಿಂತ ಮುಂದೆಯೇ ಇರಲಿ. ಇಲ್ಲದಿದ್ದರೆ ನೀರು ಇಳಿದಂತೆ ದೋಣಿಯ ಹಿಂಭಾಗ ಕಟ್ಟೆಗೆ ಸಿಕ್ಕಿ ನೇತಾಡುತ್ತದೆ, ಮುಳುಗಲೂಬಹುದು. ಇನ್ನೊಂದು, ದೋಣಿ ಗೋಡೆಗೆ ತಾಗುತ್ತಿದೆ ಅಂತ ಕೈ ಕಾಲು ಅಡ್ಡ ಕೊಡಬೇಡಿ. ಟನ್‌ಗಟ್ಟಲೆ ಉಕ್ಕು ಅದು. ತಾಗಿದರೆ ತಾಗಲಿ.

ಅಪ್ಪ-ಅಮ್ಮನನ್ನು ಮುಂದುಗಡೆ ಕೂರಿಸಿ. ಎಂಜಿನ್ ಹಿಂದೆ ಇರುವುದರಿಂದ ಅಲ್ಲಿ ಸದ್ದು ಕಡಿಮೆ. ಅಮ್ಮನಿಗೆ ಮಂಡಿ ನೋವು ಅಂದಿದ್ದೀರಿ, ಅವರು ಲಾಕ್‌ಗಳಲ್ಲಿ ಇಳಿದು ಹತ್ತುವ ಅಗತ್ಯವಿಲ್ಲ. ಈಜು ಬಾರದಿದ್ದರೆ ಲೈಫ್ ಜಾಕೆಟ್ ಕೇಳಿ ಪಡೆಯಿರಿ. ಕಾಲುವೆ ಹೆಚ್ಚಿನ ಕಡೆ ನಾಲ್ಕಡಿಯಷ್ಟೇ ಆಳ, ಆದರೆ ಲಾಕ್ ಹಾಗಲ್ಲ. ಊಟ ಮನೆಯಿಂದಲೇ ಕಟ್ಟಿಕೊಂಡು ಹೋಗಿ. ಚಿತ್ರಾನ್ನ, ಮೊಸರನ್ನ ಇದ್ದರೆ ದಡಕ್ಕೆ ಕಟ್ಟಿ ಆರಾಮವಾಗಿ ಉಣ್ಣಬಹುದು. ದೋಣಿ ತಿರುಗಿಸಲು ಅಗಲ ಮಾಡಿರುವ ಜಾಗಗಳು ಅಲ್ಲಲ್ಲಿ ಮಾತ್ರ ಇರುತ್ತವೆ. ಅವು ಎಲ್ಲೆಲ್ಲಿವೆ ಅಂತ ಹೊರಡುವಾಗಲೇ ನಕ್ಷೆಯಲ್ಲಿ ಗುರುತು ಮಾಡಿಸಿಕೊಳ್ಳಿ, ಅರ್ಧ ಸಮಯ ಕಳೆಯುವ ಮುಂಚೆ ತಿರುಗಿಸಿಬಿಡಿ.