ಟೈಮ್‌ಔಟ್ ಆದ ಮೇಲೆ ಏನಾಗುತ್ತದೆ ಅಂತ ಬರೆಯಿರಿ

ನಮಸ್ಕಾರ,

ಎಐ ಏಜೆಂಟ್ ಟರ್ಮಿನಲ್ (ಕಮಾಂಡ್ ಟೈಪ್ ಮಾಡಿ ಕಂಪ್ಯೂಟರ್‌ಗೆ ಕೆಲಸ ಹೇಳುವ ಪರದೆ) ಸೆಷನ್‌ಗಳನ್ನು ನೋಡಿಕೊಳ್ಳಲಿ ಅಂತ ನೀವು ಬರೆದು ಕಳಿಸಿದ ನಾಲ್ಕು ಟೂಲ್‌ಗಳ ವಿವರಣೆ ಓದಿದೆ. ಸೆಷನ್ ತೆರೆಯುವುದು, ಕಮಾಂಡ್ ಕಳಿಸುವುದು, ಔಟ್‌ಪುಟ್ ಓದುವುದು, ಸೆಷನ್ ಮುಚ್ಚುವುದು. ಭಾಷೆ ಚೊಕ್ಕವಾಗಿದೆ. ಆದರೆ ಈಗಿರುವ ಹಾಗೆ ಇದನ್ನು ತೆಗೆದುಕೊಳ್ಳಲು ಆಗುವುದಿಲ್ಲ.

ಎರಡನೇ ಟೂಲ್‌ಗೆ ನೀವು ಬರೆದಿರುವುದು ಒಂದೇ ಸಾಲು: "ಟರ್ಮಿನಲ್‌ನಲ್ಲಿ ಕಮಾಂಡ್ ರನ್ ಮಾಡುತ್ತದೆ." ಇಷ್ಟನ್ನು ಟೂಲ್‌ನ ಹೆಸರೇ ಹೇಳುತ್ತದೆ, ಅಲ್ವಾ? ಕೋಡ್ ಬರೆದವರು ನೀವು, ಹಾಗಾಗಿ ಉಳಿದದ್ದೆಲ್ಲ ನಿಮ್ಮ ತಲೆಯಲ್ಲೇ ಉಳಿದುಬಿಟ್ಟಿದೆ. ಏಜೆಂಟ್ ಒಳಗಿರುವ ಎಐ ಮಾಡೆಲ್‌ಗೆ ನಿಮ್ಮ ಕೋಡ್ ಕಾಣುವುದಿಲ್ಲ. ಹೆಸರು, ವಿವರಣೆ, ಪ್ಯಾರಾಮೀಟರ್‌ಗಳು, ಅದಕ್ಕೆ ಸಿಗುವುದು ಇಷ್ಟೇ.

ಟೈಮ್‌ಔಟ್, ಅಂದರೆ ಟೂಲ್ ಎಷ್ಟು ಹೊತ್ತು ಕಾಯಬೇಕು ಅನ್ನುವ ಮಿತಿ, 30 ಅಂತ ಇಟ್ಟಿದ್ದೀರಿ. ಸೆಕೆಂಡೋ, ಮಿಲಿಸೆಕೆಂಡೋ? 30 ಮುಗಿದ ಕೂಡಲೇ ಕಮಾಂಡ್ ಸಾಯುತ್ತದೋ, ಇಲ್ಲಾ ಟೂಲ್ ಕಾಯುವುದನ್ನು ನಿಲ್ಲಿಸಿದರೂ ಕಮಾಂಡ್ ಓಡುತ್ತಲೇ ಇರುತ್ತದೋ? ಎರಡಕ್ಕೂ ಅಜಗಜಾಂತರ. ನಿಮ್ಮ ವಿವರಣೆಯನ್ನೇ ಇಟ್ಟುಕೊಂಡು ಒಂದು ಪ್ಯಾಕೇಜ್ ಇನ್‌ಸ್ಟಾಲ್ ಮಾಡಲು ಏಜೆಂಟ್‌ಗೆ ಹೇಳಿ ನೋಡಿದೆ. ಇನ್‌ಸ್ಟಾಲರ್ "ಮುಂದುವರಿಸಲೇ?" ಅಂತ ಕೇಳಿ ಉತ್ತರಕ್ಕೆ ಕಾಯುತ್ತಾ ಕೂತಿತ್ತು. ಟೈಮ್‌ಔಟ್ ಆಯಿತು. ಕಮಾಂಡ್ ಸತ್ತಿದೆ ಅಂದುಕೊಂಡ ಏಜೆಂಟ್ ಅದೇ ಕಮಾಂಡನ್ನು ಅದೇ ಸೆಷನ್‌ಗೆ ಮತ್ತೆ ಕಳಿಸಿತು, ಆ ಇಡೀ ಸಾಲು ಇನ್‌ಸ್ಟಾಲರ್‌ನ ಪ್ರಶ್ನೆಗೆ ಉತ್ತರವಾಗಿ ಹೋಗಿ ಬಿತ್ತು, ಇನ್‌ಸ್ಟಾಲ್ ರದ್ದಾಯಿತು. ಕೊನೆಗೆ ಪ್ಯಾಕೇಜಿನಲ್ಲೇ ಏನೋ ತೊಂದರೆ ಇದೆ ಅಂತ ಏಜೆಂಟ್ ವರದಿ ಕೊಟ್ಟಿತು. ನನಗೆ ಏಜೆಂಟ್ ಮೇಲೆ ಸಿಟ್ಟು ಬರಲಿಲ್ಲ. ಅದಕ್ಕೆ ಯಾರೂ ಹೇಳಿರಲೇ ಇಲ್ಲ.

ನಾನಾದರೆ ಹೀಗೆ ಬರೆಯುತ್ತಿದ್ದೆ: "ಈಗಾಗಲೇ ತೆರೆದಿರುವ ಸೆಷನ್‌ನಲ್ಲಿ ಕಮಾಂಡ್ ಟೈಪ್ ಮಾಡಿ ಎಂಟರ್ ಒತ್ತುತ್ತದೆ. 30 ಸೆಕೆಂಡ್ ಕಾಯುತ್ತದೆ. ಅಷ್ಟರಲ್ಲಿ ಮುಗಿಯದಿದ್ದರೆ ಅಲ್ಲಿಯವರೆಗಿನ ಔಟ್‌ಪುಟ್ ಕೊಡುತ್ತದೆ, ಕಮಾಂಡ್ ಮಾತ್ರ ಓಡುತ್ತಲೇ ಇರುತ್ತದೆ. ಆಗ ಅದೇ ಕಮಾಂಡ್ ಮತ್ತೆ ಕಳಿಸಬೇಡಿ, ಔಟ್‌ಪುಟ್ ಓದುವ ಟೂಲ್ ಬಳಸಿ. ನಿಲ್ಲಿಸಬೇಕಿದ್ದರೆ ಕಂಟ್ರೋಲ್-ಸಿ ಕಳಿಸಿ."

ಉದ್ದವಾಯಿತು, ನಿಜ. ವಿವರಣೆ ಪ್ರತಿ ಸಲವೂ ಮಾಡೆಲ್‌ಗೆ ಹೋಗುವ ಮಾತು, ಸುಮ್ನೆ ಹಿಗ್ಗಿಸಬಾರದು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ನೀವು ಮೊದಲನೇ ಟೂಲ್‌ನಲ್ಲಿ "ಶಕ್ತಿಶಾಲಿ, ಎಲ್ಲಕ್ಕೂ ಹೊಂದಿಕೊಳ್ಳುವ ಸೆಷನ್ ವ್ಯವಸ್ಥೆ" ಅಂತ ಒಂದೂವರೆ ಸಾಲು ಖರ್ಚು ಮಾಡಿದ್ದೀರಿ. ಅದನ್ನು ತೆಗೆದುಹಾಕಿ. ಆ ಜಾಗದಲ್ಲಿ, ಒಂದು ಸಲ ಸಿಡಿ (cd) ಕಮಾಂಡ್‌ನಿಂದ ಫೋಲ್ಡರ್ ಬದಲಿಸಿದರೆ ಮುಂದಿನ ಕಮಾಂಡ್‌ಗೂ ಅದೇ ಫೋಲ್ಡರ್ ಉಳಿಯುತ್ತದೆ ಅಂತ ಬರೆಯಿರಿ. ಕೆಲವು ಟೂಲ್‌ಗಳು ಪ್ರತಿ ಕಮಾಂಡ್‌ಗೂ ಹೊಸ ಶೆಲ್ (ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಂ) ತೆರೆಯುತ್ತವೆ, ಅಲ್ಲಿ ಹಳೆಯದೇನೂ ಉಳಿಯುವುದಿಲ್ಲ. ನಿಮ್ಮದು ಯಾವ ಜಾತಿ ಅಂತ ಮಾಡೆಲ್ ಊಹೆ ಮಾಡಬೇಕಾಗಬಾರದು.

ಔಟ್‌ಪುಟ್ ಓದುವ ಟೂಲ್‌ನಲ್ಲಿ "ಜಾಸ್ತಿ ಇದ್ದರೆ ಕತ್ತರಿಸಲಾಗುತ್ತದೆ" ಅಂದಿದ್ದೀರಿ. ಯಾವ ಕಡೆಯಿಂದ? ಬಿಲ್ಡ್ (ಕೋಡನ್ನು ಓಡುವ ಪ್ರೋಗ್ರಾಂ ಆಗಿಸುವ ಕೆಲಸ) ಕೆಟ್ಟಾಗ ಎರರ್ ಸಾಮಾನ್ಯವಾಗಿ ಕೊನೆಯಲ್ಲಿರುತ್ತದೆ, ನೀವು ಬಾಲ ಕತ್ತರಿಸಿದರೆ ಬೇಕಾದದ್ದೇ ಹೋಯಿತು. ನಿಮ್ಮ ಸೆಷನ್‌ಗಳು ಟಿಮಕ್ಸ್ (tmux, ಟರ್ಮಿನಲ್ ಸೆಷನ್‌ಗಳನ್ನು ತೆರೆದಿಡುವ ಪ್ರೋಗ್ರಾಂ) ಮೇಲೆ ನಿಂತಿವೆ ಅಂತ ಬರೆದಿದ್ದೀರಿ. ಸೆಟ್ಟಿಂಗ್ ಬದಲಿಸದಿದ್ದರೆ ಅದು ಹಿಂದಿನ 2000 ಸಾಲು ಮಾತ್ರ ಇಟ್ಟುಕೊಳ್ಳುತ್ತದೆ, ಅದನ್ನೂ ಹೇಳಿ. ಹಾಗೆಯೇ ಎಕ್ಸಿಟ್ ಕೋಡ್, ಅಂದರೆ ಕಮಾಂಡ್ ಮುಗಿದಾಗ ಕೊಡುವ ಸಂಖ್ಯೆ: "0 ಅಲ್ಲದಿದ್ದರೆ ಕಮಾಂಡ್ ವಿಫಲ" ಅನ್ನುವುದು ಪೂರ್ತಿ ಸರಿಯಲ್ಲ. ಪಠ್ಯ ಹುಡುಕುವ ಗ್ರೆಪ್ (grep) ಕಮಾಂಡ್‌ಗೆ ಹುಡುಕಿದ್ದು ಸಿಗದಿದ್ದರೆ 1 ಬರುತ್ತದೆ, ನಿಜವಾದ ಎರರ್ ಆದರೆ 2.

ಇನ್ನು ಆ "ಯಾವ ಕಾರಣಕ್ಕೂ", "ತಪ್ಪದೇ", "ಕಡ್ಡಾಯವಾಗಿ". ಏಳು ಕಡೆ ಇವೆ. ಎಲ್ಲ ಸಾಲೂ ಕೂಗಿದರೆ ಯಾವುದು ನಿಜಕ್ಕೂ ಅಪಾಯ ಅಂತ ಗೊತ್ತಾಗುವುದಿಲ್ಲ. ವಿಮ್ ಅನ್ನುವ ಟೆಕ್ಸ್ಟ್ ಎಡಿಟರ್ ಬಗ್ಗೆ "ವಿಮ್ ತೆರೆಯಲೇಬಾರದು" ಅನ್ನುವ ಬದಲು "ವಿಮ್ ಇಡೀ ಪರದೆ ಹಿಡಿದುಕೊಂಡು ಕೀಲಿಗಳಿಗೆ ಕಾಯುತ್ತದೆ, ಆಮೇಲೆ ಕಳಿಸಿದ ಕಮಾಂಡ್‌ಗಳು ಅದರೊಳಗೇ ಹೋಗುತ್ತವೆ" ಅನ್ನಿ. ಕಾರಣ ಗೊತ್ತಿದ್ದರೆ ಮಾಡೆಲ್ ನೀವು ಹೆಸರಿಸದ ಬೇರೆ ಎಡಿಟರ್‌ಗಳ ವಿಷಯದಲ್ಲೂ ಎಚ್ಚರವಾಗಿರುವ ಸಾಧ್ಯತೆ ಜಾಸ್ತಿ.

ತಿದ್ದಿ ಮತ್ತೆ ಕಳಿಸಿ, ಖಂಡಿತ ಓದುತ್ತೇನೆ. ಮುಚ್ಚುವ ಟೂಲ್ ಬಗ್ಗೆ ಒಂದು ಪ್ರಶ್ನೆ ಉಳಿದಿದೆ: ಸೆಷನ್ ಮುಚ್ಚಿದಾಗ ಅದರೊಳಗೆ ಓಡುತ್ತಿರುವ ಸರ್ವರ್ ಕೂಡ ನಿಲ್ಲುತ್ತದಾ? ಉತ್ತರ ನನಗೆ ಬರೆಯಬೇಡಿ, ವಿವರಣೆಯಲ್ಲೇ ಬರೆಯಿರಿ.