40 ದಾಟಿದ ಬ್ಯಾಟ್ಸ್‌ಮನ್: ಒಂದು ಟೂರ್ನಿಗೆ ಸಾಕು

ಶಿರಾ ಟೆನಿಸ್ ಬಾಲ್ ಟೂರ್ನಿಗೆ 40 ದಾಟಿದ ಹಳೇ ಬ್ಯಾಟ್ಸ್‌ಮನ್ ಒಬ್ಬರನ್ನು ದುಡ್ಡು ಕೊಟ್ಟು ಕರೆಸಬೇಕಾ ಅಂತ ಕೇಳಿದ್ದೀರಿ. ಕರೆಸಿ. ಆದರೆ ಇದೊಂದೇ ಟೂರ್ನಿಗೆ, ಸುಮ್ನೆ ಮೂರು ವರ್ಷದ ಮಾತು ಕೊಡಬೇಡಿ ಗುರುಗಳೇ.

ಅಮೆರಿಕದ ಬೇಸ್‌ಬಾಲ್‌ನಲ್ಲಿ ಆಲ್ಬರ್ಟ್ ಪೂಹೋಲ್ಸ್ ಅಂತ ಒಬ್ಬರಿದ್ದರು. ಏಂಜಲ್ಸ್ ತಂಡ ಅವರಿಗೆ 10 ವರ್ಷಕ್ಕೆ 24 ಕೋಟಿ ಡಾಲರ್ ಅಂತ ಒಪ್ಪಿಕೊಂಡು, ಕೊನೆಯ ವರ್ಷ, ಅಂದ್ರೆ 2021ರಲ್ಲಿ, ಸೀಸನ್ ಮಧ್ಯದಲ್ಲೇ ಕೈಬಿಟ್ಟಿತು. ಮರುವರ್ಷ ಹಳೇ ತಂಡ ಕಾರ್ಡಿನಲ್ಸ್ 25 ಲಕ್ಷ ಡಾಲರ್‌ಗೆ ಒಂದೇ ವರ್ಷದ ಮಟ್ಟಿಗೆ ಕರೆಸಿಕೊಂಡಿತು. 42ನೇ ವಯಸ್ಸಿನಲ್ಲಿ 24 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ)! ಎದುರಿಗೆ ಎಡಗೈ ಪಿಚರ್, ಅಂದ್ರೆ ಅಲ್ಲಿನ ಬೌಲರ್, ಇದ್ದಾಗ ಜಾಸ್ತಿ ಆಡಿಸುತ್ತಿದ್ದರು, ಹೆಚ್ಚಿನ ದಿನ ಫೀಲ್ಡಿಂಗೂ ಇಲ್ಲ, ಬರೀ ಹೊಡೆಯೋ ಕೆಲಸ.

ನಮ್ಮ ಕ್ರಿಕೆಟ್‌ನಲ್ಲಿ ಬರೀ ಹೊಡೆದು ಕೂರೋ ಅನುಕೂಲ ಇಲ್ಲ ಅಲ್ವಾ, ಫೀಲ್ಡಿಂಗೂ ಮಾಡಬೇಕು, ರನ್‌ಗೆ ಓಡಲೂ ಬೇಕು. ತುಮಕೂರಲ್ಲಿ ನಾವೂ ಇಂಥವರೊಬ್ಬರನ್ನು ಕರೆಸಿದ್ದೆವು. ಮೂರು ಸಿಕ್ಸರ್ ಏನೋ ಹೊಡೆದರು, ಆಮೇಲೆ ಎರಡನೇ ರನ್‌ಗೆ ಓಡುವಾಗ ಅರ್ಧ ಪಿಚ್‌ನಲ್ಲೇ ಸೊಂಟ ಹಿಡಿದು ನಿಂತರು, ಚೆನ್ನಾಗಿ ಆಡುತ್ತಿದ್ದ ನಮ್ಮ ಹುಡುಗ ರನೌಟ್.

ಮೊದಲು ನಿಮ್ಮ ಜೋರು ಬೌಲರ್ ಕೈಲಿ ಎರಡು ಓವರ್ ಹಾಕಿಸಿ ನೋಡಿ. ಬ್ಯಾಟ್ ತಡವಾಗಿ ಬರುತ್ತಿದ್ದರೆ ಬಿರಿಯಾನಿ ಕೊಡಿಸಿ ಕಳಿಸಿಬಿಡಿ.