ನೇರ ಧ್ವನಿಮುದ್ರಿಕೆಗೆ ಯಾರ ಅನುಮತಿ ಬೇಕು?

ಪ್ರಶ್ನೆ: ಧಾರವಾಡದಲ್ಲಿ ನಮ್ಮ ರಾಕ್ ತಂಡ ನೀಡಿದ ಕಾರ್ಯಕ್ರಮವನ್ನು ಆಲ್ಬಂ ಮಾಡುತ್ತಿದ್ದೇವೆ. ಅದರಲ್ಲಿ ಶರೀಫರ ತತ್ವಪದ, ಬೇಂದ್ರೆಯವರ ಕವಿತೆ ಇವೆ. ಮುಖಪುಟದ ಚಿತ್ರವನ್ನು ಗೆಳೆಯನೊಬ್ಬ ಹಣ ಪಡೆಯದೆ ಬರೆದುಕೊಟ್ಟಿದ್ದಾನೆ. ಅನುಮತಿ ಬೇಕೆ?
— ಓದುಗರು, ಹುಬ್ಬಳ್ಳಿ

ಉತ್ತರ: 1889ರಲ್ಲಿ ತೀರಿಕೊಂಡ ಶರೀಫರ ಪದಗಳನ್ನು ಯಾರು ಬೇಕಾದರೂ ಹಾಡಬಹುದು, ಆದರೆ ನೀವು ಹಾಡಿದ್ದು ಕ್ಯಾಸೆಟ್ಟಿನಲ್ಲಿ ಕೇಳಿ ಕಲಿತ ಈಚಿನ ರಾಗಸಂಯೋಜನೆಯಾದರೆ, ಆ ಸಂಯೋಜಕರ ಹಕ್ಕು ಬೇರೆಯೇ ಇರುತ್ತದೆ. ಬಹಳ ತಂಡಗಳು ಎಡವುವುದು ಇಲ್ಲಿಯೇ. ಬೇಂದ್ರೆಯವರು ನಿಧನರಾದದ್ದು 1981ರಲ್ಲಿ. ಕವಿಯ ಮರಣಾನಂತರವೂ 60 ವರ್ಷ ಹಕ್ಕು ಉಳಿಯುವುದರಿಂದ, 2041ರ ಕೊನೆಯವರೆಗೆ ಹಕ್ಕುದಾರರ ಒಪ್ಪಿಗೆ ಅಗತ್ಯ. ವೇದಿಕೆಯಲ್ಲಿ ಹಾಡಲು ಪಡೆದ ಪರವಾನಗಿ ಆಲ್ಬಂಗೆ ಸಾಲದು. ಚಿತ್ರದ ಹಕ್ಕು ಗೆಳೆಯನದೇ. ಹಕ್ಕು ವರ್ಗಾವಣೆಯ ಪತ್ರಕ್ಕೆ ದಯವಿಟ್ಟು ಅವನ ಸಹಿ ಪಡೆಯಿರಿ. ಅದರಲ್ಲಿ ಅವಧಿ ನಮೂದಿಸದಿದ್ದರೆ ಕಾಯ್ದೆಯ ಪ್ರಕಾರ ಅದು 5 ವರ್ಷಕ್ಕಷ್ಟೇ ಸಲ್ಲುತ್ತದೆ.